ಪ್ರತಿಪಕ್ಷಕ್ಕೂ ಒಂದು ಮಣೆ

ವಿಶ್ರಾಂತಿಯನ್ನು ಪಡೆದ ಉಪಾಧ್ಯಾಯನಿಗೆ ಶಾಲೆಯು ತಪ್ಪಿದರೂ ಮಕ್ಕಳು ತಪ್ಪುವುದಿಲ್ಲ. ಮಸ್ಕಿಯ ನಮ್ಮ ಮನೆಯ ಪಡಸಾಲೆಗೆ ಭಾನುವಾರಗಳಲ್ಲಿ ಹತ್ತನೆಯ ತರಗತಿಯ ಮಕ್ಕಳು ಪ್ರಬಂಧಗಳನ್ನು ತಿದ್ದಿಸಿಕೊಳ್ಳಲು ಬರುತ್ತಾರೆ. ಸಿಂಧನೂರು, ಲಿಂಗಸುಗೂರುಗಳ ಕಡೆಯಿಂದಲೂ ಒಬ್ಬಿಬ್ಬರು ಬರುವುದುಂಟು. ವಿಷಯವು ಯಾವುದೇ ಆಗಿರಲಿ, ಎಲ್ಲರ ಬರಹವೂ ಒಂದೇ ಅಚ್ಚಿನಲ್ಲಿ ಹೊಯ್ದಂತಿರುತ್ತದೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ಮಾತೆಲ್ಲವೂ ಗೈಡು ಪುಸ್ತಕದ್ದು. ಓದಿದವರ ಮನಸ್ಸು ಇದ್ದಲ್ಲಿಂದ ಒಂದಂಗುಲವೂ ಕದಲದು. ಈ ದೋಷದಲ್ಲಿ ನಮ್ಮ ಪಾಲೂ ಇದೆ. ಅಂಕಗಳ ಆಸೆಯಿಂದ ಬಹುಕಾಲ ನಾವೂ ಪ್ರಬಂಧಗಳನ್ನು ಬಾಯಿಪಾಠ ಮಾಡಿಸಿದವರೇ.

ನಮ್ಮ ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರು ವಿಧವಾಗಿ ವಿಂಗಡಿಸಿದೆ. ತತ್ತ್ವವನ್ನರಿಯಲು ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನ ಮತವೊಂದನ್ನೂ ಸ್ಥಾಪಿಸದೆ ಎದುರಾಳಿಯದನ್ನು ಖಂಡಿಸುವುದಷ್ಟೇ ವಿತಂಡ. ಇವುಗಳಲ್ಲಿ ಮೊದಲನೆಯದನ್ನು ಕಲಿಸುವುದೇ ಪ್ರಬಂಧಪಾಠದ ಗುರಿಯಾಗತಕ್ಕದ್ದು. ಅದಕ್ಕೆ ಬೇಕಾದುವು ಎರಡು: ಹೇಳಿದ್ದಕ್ಕೆ ಆಧಾರ, ಒಪ್ಪದವರ ಮಾತಿಗೆ ಮರ್ಯಾದೆ.

ಆಧಾರವೆಂದರೇನೆಂಬುದನ್ನು ತೋರಿಸಲು ನಾವು ಮಕ್ಕಳನ್ನು ಊರ ಶಾಸನದ ಬಂಡೆಯ ಬಳಿಗೆ ಕರೆದೊಯ್ಯುತ್ತೇವೆ. ಶಾಸನಗಳ ದೇವಾನಾಂಪ್ರಿಯನೇ ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ 19ನೆಯ ಶತಮಾನದಲ್ಲಿಯೇ ಊಹಿಸಿದ್ದರು. ಊಹೆಯು ಸರಿಯಾದುದೇ. ಆದರೆ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಶಾಸನವನ್ನು ಬೆಳಕಿಗೆ ತಂದಾಗ, ಅದರಲ್ಲಿ ಬಿರುದಿನೊಡನೆ ಅಶೋಕನೆಂಬ ಹೆಸರೇ ಕೊರೆದಿತ್ತು. ನೂರು ಅಲಂಕಾರಗಳಿಗಿಂತ ಆ ಒಂದು ಪದದ ತೂಕ ಹೆಚ್ಚು.

ಎರಡನೆಯದು ಇನ್ನೂ ಕಷ್ಟ. ಸಿಂಧನೂರಿನ ಕಡೆಯ ಹಳ್ಳಿಯ ಹುಡುಗಿಯೊಬ್ಬಳು, ಹೆಣ್ಣುಮಕ್ಕಳನ್ನು ಹತ್ತನೆಯ ತರಗತಿಯ ತರುವಾಯವೂ ಓದಿಸಬೇಕೆಂದು ಬರೆದು ತಂದಳು. ಮೂರು ಪುಟಗಳ ತುಂಬ ಸ್ತ್ರೀವಿದ್ಯೆಯ ಮಹಿಮೆ.

“ಇದನ್ನು ಯಾರಿಗೆ ಹೇಳಬೇಕೆಂದಿದ್ದೀಯವ್ವ?” ಎಂದು ಕೇಳಿದೆವು.

ಬಹಳ ಹೊತ್ತು ಸುಮ್ಮನಿದ್ದು, “ನಮ್ಮಪ್ಪಗರೀ, ಸರ್” ಎಂದಳು.

“ಹಾಗಾದರೆ ಅವರು ಬೇಡವೆನ್ನುವುದೇಕೆಂದು ಮೊದಲು ಬರೆ. ಓದಿದರೆ, ‘ಹೌದು, ನಾನು ಅಂದದ್ದು ಇದನ್ನೇ’ ಎನ್ನಬೇಕು” ಎಂದೆವು.

ಹದಿನೈದು ದಿನಗಳ ಮೇಲೆ ಮತ್ತೊಂದು ಪ್ರಬಂಧ ಬಂದಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲ. ನೀರು ಮುಟ್ಟದ ವರ್ಷ ಕೈಯಲ್ಲಿ ಕಾಸಿಲ್ಲ. ಕಾಲೇಜು ಬಿಟ್ಟ ಮೇಲೆ ಊರಿಗೆ ಒಂದೇ ಬಸ್ಸು. ಅದು ತಪ್ಪಿದರೆ ಕತ್ತಲೆ. ತಂದೆಯ ಈ ಮಾತುಗಳನ್ನು ಕುಂದಿಲ್ಲದೆ ಬರೆದು, ಬಳಿಕ ತನ್ನ ಉತ್ತರವನ್ನಿಟ್ಟಿದ್ದಳು. ಬಸ್ಸಿನ ವೇಳೆಯನ್ನು ನಿಲ್ದಾಣದಲ್ಲಿ ತಾನೇ ವಿಚಾರಿಸಿದ್ದಳು. ಅದೇ ಓಣಿಯ ಇಬ್ಬರು ಹುಡುಗಿಯರೊಡನೆ ಹೋಗಿಬರುವೆನೆಂದಿದ್ದಳು. ಹಣದ ಮಾತಿಗೆ ಮಾತ್ರ ತನ್ನಲ್ಲಿ ಪೂರ್ಣವಾದ ಉತ್ತರವಿಲ್ಲವೆಂದು ಒಪ್ಪಿಕೊಂಡಿದ್ದಳು. ನಾವು ಕೆಂಪು ಮಸಿಯನ್ನು ಮುಟ್ಟಲಿಲ್ಲ. “ಮನೆಯಲ್ಲಿ ಓದಿ ಹೇಳು” ಎಂದಷ್ಟೇ ಹೇಳಿ ಕಳುಹಿಸಿದೆವು.

ಮುಂದಿನ ಭಾನುವಾರ ತಂದೆಯೇ ಬಂದರು. “ನನ್ನ ಮಾತು ಅಷ್ಟೂ ಬರದಾಳ್ರೀ, ಸುಳ್ಳು ಒಂದೂ ಇಲ್ಲ. ಒಂದು ವರ್ಷ ಕಳಿಸಿ ನೋಡ್ತೀನಿ” ಎಂದರು. ಒಂದೇ ವರ್ಷ. ಆದರೂ ನಾವು ಬಾಯಿಪಾಠ ಮಾಡಿಸಿದ ಪ್ರಬಂಧಗಳಲ್ಲಿ ಯಾವುದೂ ಅಷ್ಟನ್ನು ಸಾಧಿಸಿದ್ದಿಲ್ಲ.

ವಾಚಕ ಮಹಾಶಯರೇ, ನಿಮ್ಮ ಮಗನೋ ಮಗಳೋ ಎದುರು ಮಾತನಾಡಿದಾಗ ಗದರಿಸುವುದು ಸುಲಭ. ಅದರ ಬದಲಾಗಿ, “ಮೊದಲು ನನ್ನ ಮಾತನ್ನು ಸರಿಯಾಗಿ ಹೇಳು, ಆಮೇಲೆ ನಿನ್ನದನ್ನು ಹೇಳು” ಎನ್ನಿರಿ. ಮಗುವು ಹಾಗೆ ಹೇಳಿದರೆ, ಕೊನೆಯವರೆಗೆ ಕೇಳುವ ಹೊಣೆಯು ನಿಮ್ಮದಾಗಿರುತ್ತದೆ.