ವಿದ್ಯಾಕ್ಷೇತ್ರದ ಕಾವಲು ಯಾರದು?

ದೇವಸಮುದ್ರದ ಸುತ್ತಿನ ಜನರು ‘ಕಾವಲು’ ಎಂಬ ಮಾತಿನ ಎರಡರ್ಥಗಳನ್ನೂ ಬಲ್ಲರು. ಒಂದು, ದನಕರುಗಳಿಗಾಗಿ ಕಾದಿರಿಸಿದ ಹುಲ್ಲುಗಾವಲು, ಇನ್ನೊಂದು, ಪಹರೆ. ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಮೊದಲನೆಯದಿದ್ದ ಸ್ಥಳಕ್ಕೆ ಈಗ ಎರಡನೆಯದು ಬಂದಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಹುಟ್ಟಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಇಲಾಖೆಯ ಸುಮಾರು 10,000 ಎಕರೆ ಹುಲ್ಲುಗಾವಲು 2009ರಿಂದೀಚೆಗೆ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ವಶವಾಯಿತು. ಅದರಲ್ಲಿ ಕುದಾಪುರದ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದಿದೆ. ವಿಜ್ಞಾನವು ಬಯಲುಸೀಮೆಗೆ ಬಂದುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಇಂತಹ ವಿಸ್ತಾರವಾದ ವಿದ್ಯಾಕ್ಷೇತ್ರವನ್ನು ಕಾಯುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು, ಅವರು ಯಾರಿಗೆ ಉತ್ತರವಾದಿಗಳು ಎಂಬ ಪ್ರಶ್ನೆಗಳನ್ನು ಕೇಳದೆ ಇರಲಾರೆವು.

ಕಾವಲೇ ಬೇಡವೆಂದು ವಿವೇಕಿಗಳಾರೂ ಹೇಳರು. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಆ ಸಂಸ್ಥೆಯ ಆವರಣಕ್ಕೇ ಬಂದೂಕುಧಾರಿ ನುಗ್ಗಿ, ದೆಹಲಿಯಿಂದ ಬಂದಿದ್ದ ಗಣಿತಜ್ಞ ಪ್ರೊಫೆಸರ್ ಎಂ. ಸಿ. ಪುರಿಯವರನ್ನು ಕೊಂದುದನ್ನು ದೇಶವು ಮರೆತಿಲ್ಲ. 2015ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಏರಲಾಗದ ಗೋಡೆ, ಅದರ ಮೇಲೆ ಮುಳ್ಳುತಂತಿ, ಆವರಣದೊಳಗೇ ಪೊಲೀಸ್ ಠಾಣೆ ಇವುಗಳನ್ನು ಸೂಚಿಸಿತು. ಗೋಡೆಗೆ ಹಣ ಒಮ್ಮೆ ಸಾಕು. ಮನುಷ್ಯನಿಗೆ ತಿಂಗಳು ತಿಂಗಳೂ ಬೇಕು. ಆದುದರಿಂದಲೇ ಗೋಡೆ ಬೇಗ ಏಳುತ್ತದೆ, ಕಾಯುವವನ ಸಂಬಳ ಹಿಂದುಳಿಯುತ್ತದೆ.

ಲೆಕ್ಕವನ್ನೇ ನೋಡೋಣ. 1,500 ಎಕರೆಯನ್ನು ನೇರ ಚೌಕವೆಂದು ಎಣಿಸಿದರೂ ಸುತ್ತಳತೆ ಸುಮಾರು 10 ಕಿಲೋಮೀಟರು. ಕಿಲೋಮೀಟರಿಗೊಬ್ಬನಂತೆ ಹಗಲಿರುಳು ನಿಲ್ಲಿಸಬೇಕಾದರೆ ಹತ್ತು ಠಾವುಗಳಾದವು. ಒಂದು ಠಾವಿಗೆ ವಾರಕ್ಕೆ 168 ಗಂಟೆ; ಒಬ್ಬನ ದುಡಿಮೆ 48 ಗಂಟೆ. ರಜೆಯನ್ನೂ ಕಾಯಿಲೆಯನ್ನೂ ಸೇರಿಸಿದರೆ ಠಾವಿಗೆ ನಾಲ್ವರು, ಒಟ್ಟು ನಲವತ್ತು ಮಂದಿ ಬೇಕು. ಕಡಿಮೆ ಬೆಲೆಯ ಗುತ್ತಿಗೆದಾರನು ಇದೇ ಕೆಲಸವನ್ನು ಇಪ್ಪತ್ತು ಮಂದಿಯಿಂದ, ಹನ್ನೆರಡು ಗಂಟೆಯ ಪಾಳಿಯಲ್ಲಿ ಮಾಡಿಸಬಲ್ಲನು. ಉಳಿತಾಯವೆಂದು ಕಡತದಲ್ಲಿ ಬರೆಯುವುದು ನಿಜವಾಗಿ ಬಡವನ ನಿದ್ರೆಯ ಅಪಹಾರವಲ್ಲವೆ? ನಿದ್ರೆಗೆಟ್ಟವನು ಕಾಯುವ ಬಾಗಿಲು ಎಷ್ಟು ಭದ್ರ?

ಅಮೆರಿಕದ ಮಾದರಿಯನ್ನು ತೋರುವವರೂ ಉಂಟು. ಅಲ್ಲಿ ಯೇಲ್ ವಿಶ್ವವಿದ್ಯಾಲಯವು 1894ರಲ್ಲಿ ಊರಿನ ಇಬ್ಬರು ಪೊಲೀಸರನ್ನು ತನ್ನ ಸೇವೆಗೆ ತೆಗೆದುಕೊಂಡಿತು. ಇಂದು ಅಲ್ಲಿನ ಅನೇಕ ವಿದ್ಯಾಲಯಗಳಿಗೆ ಬಂಧಿಸುವ ಅಧಿಕಾರವುಳ್ಳ, ಶಸ್ತ್ರಸಜ್ಜಿತವಾದ ಸ್ವಂತ ಪೊಲೀಸು ಇದೆ. ನಮ್ಮಲ್ಲಿ ಅದು ಸಲ್ಲದು. ನಮ್ಮ ಸಂವಿಧಾನವು ಪೊಲೀಸನ್ನು ರಾಜ್ಯಪಟ್ಟಿಯಲ್ಲಿರಿಸಿ, ಶಾಸನಸಭೆಗೆ ಅಧೀನಪಡಿಸಿದೆ. ತನ್ನ ಹಣದಿಂದ ಪೊಲೀಸರನ್ನು ಸಾಕುವ ಸಂಸ್ಥೆಯು ಕ್ರಮೇಣ ತನ್ನದೇ ನ್ಯಾಯವನ್ನೂ ಸಾಕತೊಡಗುವುದು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆಯಡಿ ಬರುವ ಕಾವಲುಗಾರನಿಗೆ ಪೊಲೀಸಿನ ಅಧಿಕಾರವಿಲ್ಲ. ತನ್ನೆದುರು ಘೋರಾಪರಾಧವಾದಾಗ ಹಿಡಿದರೂ, 2023ರ ನಾಗರಿಕ ಸುರಕ್ಷಾ ಸಂಹಿತೆಯಂತೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಈ ಮಿತಿಯು ಲೋಪವಲ್ಲ, ಪ್ರಜೆಯ ರಕ್ಷಣೆ. ಮ್ಯಾಸನಾಯಕರ ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿಯೂ ಕುರಿಗಾಹಿಯೂ ಮೊನ್ನೆಮೊನ್ನೆಯವರೆಗೆ ನಡೆದಾಡಿದ ನೆಲವದು. ಕುರಿಯೊಂದು ಬೇಲಿ ದಾಟಿದ ಮಾತ್ರಕ್ಕೆ ಅವನು ಕಳ್ಳನೆನಿಸಬಾರದು.

ಹಾಗಾದರೆ ಮಾಡತಕ್ಕುದೇನು? ಮೊದಲನೆಯದಾಗಿ, ಗೋಡೆಗೆ ಹಣ ಮಂಜೂರು ಮಾಡುವ ಸರಕಾರವು ಕಾಯುವವರ ಸಂಬಳಕ್ಕೂ ವರ್ಷವರ್ಷ ಪ್ರತ್ಯೇಕ ಮೊಬಲಗನ್ನು ತೆಗೆದಿಡಲಿ. ವಿದ್ಯಾರ್ಥಿಗಳ ಶುಲ್ಕದ ಮೇಲೆ ಅದನ್ನು ಹೊರಿಸುವುದು ಬೇಡ. ಎರಡನೆಯದಾಗಿ, ಕಾವಲುಗಾರರು ಗುತ್ತಿಗೆಯ ಕೂಲಿಗಳಾಗದೆ ಸಂಸ್ಥೆಯ ನೌಕರರಾಗಲಿ. ಹುಲ್ಲುಗಾವಲು ಕಳೆದುಕೊಂಡ ಹಳ್ಳಿಗಳ ತರುಣ ತರುಣಿಯರಿಗೆ ಮೊದಲ ಹಕ್ಕಿರಲಿ. ಎಂಟು ಗಂಟೆಯ ಪಾಳಿ, ವಾರದ ರಜೆ, ತಕ್ಕ ಶಿಕ್ಷಣ ಇವು ದಯೆಯಲ್ಲ, ಭದ್ರತೆಯ ಅಂಗ. ಮೂರನೆಯದಾಗಿ, ಅಪರಾಧದ ವಿಚಾರಣೆಯು ರಾಜ್ಯದ ಪೊಲೀಸರದ್ದೇ ಆಗಿರಲಿ. ಅದಕ್ಕಾಗಿ ಹತ್ತಿರದ ಠಾಣೆಗೆ ಸಿಬ್ಬಂದಿಯನ್ನು ಹೆಚ್ಚಿಸಲಿ. ಅದರಿಂದ ಆವರಣಕ್ಕೂ ಹಳ್ಳಿಗೂ ಸಮನಾಗಿ ರಕ್ಷಣೆ ದೊರೆಯುವುದು.

ವೆಚ್ಚ ಹೆಚ್ಚುವುದೆಂದು ಆಕ್ಷೇಪಿಸುವವರಿದ್ದಾರೆ. ಹೆಚ್ಚುವುದು ನಿಜ. ಆದರೆ ಊರವನೇ ಪಹರೆಯಲ್ಲಿ ನಿಂತರೆ, ಒಳಬಂದವನು ದನ ಅರಸುವವನೋ ಕೇಡು ಬಗೆಯುವವನೋ ಎಂಬುದನ್ನು ಅವನು ನೋಡಿದೊಡನೆ ಬಲ್ಲನು. ಆ ವಿವೇಕವನ್ನು ಟೆಂಡರು ಕರೆದು ಕೊಳ್ಳಲಾಗದು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದೂ ಪ್ರಾಣಿಗಳಲ್ಲಿ ದಯೆಯಿರಬೇಕೆಂದೂ ಅಶೋಕನು ಎರಡು ಸಾವಿರ ವರ್ಷಗಳಿಗೂ ಹಿಂದೆ ಕೆತ್ತಿಸಿದನು. ಅಧಿಕಾರಿಗಳಿಗೆ ಕಳುಹಿದ ಆಜ್ಞೆಯಲ್ಲಿಯೇ ಆ ಮಾತನ್ನು ಇರಿಸಿದನು. ವಿದ್ಯೆಯ ಮರ್ಯಾದೆಯೂ ಮೂಕಪ್ರಾಣಿಯ ಹಿತವೂ ಒಂದೇ ಶಾಸನದಲ್ಲಿ ಹಿಡಿಸಿದ ನಾಡಿನಲ್ಲಿ, ವಿದ್ಯಾಕ್ಷೇತ್ರವೂ ಗೋಪಾಲಕನೂ ಪರಸ್ಪರ ವೈರಿಗಳಾಗಬೇಕಾಗಿಲ್ಲ. ಮುಂದಿನ ಆಯವ್ಯಯದಲ್ಲಿಯೇ ಇದಕ್ಕೆ ಹಣವೊದಗಿಸಬೇಕೆಂದು ಕೇಂದ್ರ, ರಾಜ್ಯ ಸರಕಾರಗಳೆರಡನ್ನೂ ನಾವು ಒತ್ತಾಯಪಡಿಸುತ್ತೇವೆ.