ಶಬ್ದದ ಬುತ್ತಿ: ‘ಪರ್‌ಸ್ಪೆಕ್ಟಿವ್’ ಅಂದರೇನು?

ಈ ಸಲ ಬುತ್ತಿಯೊಳಗೆ ಕಟ್ಟಿಕೊಂಡು ಬಂದ ಶಬ್ದ ‘ಪರ್‌ಸ್ಪೆಕ್ಟಿವ್’. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇದು ಕಿವಿಗೆ ಬಿದ್ದೇ ಇರುತ್ತದೆ. “ಅವ್ವಾ, ನಿನ್ನ ಪರ್‌ಸ್ಪೆಕ್ಟಿವೇ ಬ್ಯಾರೆ” ಅಂದು ಮಗಳು ಎದ್ದು ಹೋದರೆ, ಬೈದಳೋ ಹೊಗಳಿದಳೋ ತಿಳಿಯದೆ ನಾವು ಸುಮ್ಮನಾಗುತ್ತೇವೆ.

ಶಬ್ದ ಲ್ಯಾಟಿನ್ ಮೂಲದ್ದು. ಅದರೊಳಗಿನ ‘ಸ್ಪೆಕ್’ ಎಂದರೆ ನೋಡು. ಚಷ್ಮಾಕ್ಕೆ ಸ್ಪೆಕ್ಟಕಲ್ಸ್, ತಪಾಸಣೆ ಮಾಡುವವರಿಗೆ ಇನ್‌ಸ್ಪೆಕ್ಟರ್ ಅನ್ನುವುದೂ ಇದೇ ಬೇರಿನಿಂದ. ಕನ್ನಡದಲ್ಲಿ ದೃಷ್ಟಿಕೋನ ಅನ್ನುತ್ತೇವೆ. ‘ನಿಂತ ಜಾಗದಿಂದ ಕಂಡ ನೋಟ’ ಅಂದರೆ ಇನ್ನೂ ಸಲೀಸು.

ನಮ್ಮ ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಗೆ ಮೂರು ಶಿಖರ. ಗುಡಿಯ ಸುತ್ತ ನಡೆದು ನೋಡಿರಿ. ಒಂದು ಶಿಖರ ಮುಂದೆ ಬಂದಂತೆ, ಇನ್ನೊಂದು ಹಿಂದೆ ಸರಿದಂತೆ ಕಾಣುತ್ತದೆ. ಶಿಖರ ಅಲ್ಲಾಡಿಲ್ಲ, ಸರಿದವರು ನಾವು. ಪರ್‌ಸ್ಪೆಕ್ಟಿವ್ ಅಂದರೆ ಇಷ್ಟೇ.

ಬಳಸುವ ಬಗೆ ಎರಡು. ‘ಫ್ರಮ್ ಮೈ ಪರ್‌ಸ್ಪೆಕ್ಟಿವ್’ ಅಂದರೆ ನನ್ನ ನೋಟದಿಂದ. ‘ಕೀಪ್ ಇಟ್ ಇನ್ ಪರ್‌ಸ್ಪೆಕ್ಟಿವ್’ ಅಂದರೆ ಯಾವುದನ್ನೂ ಅದರ ಅಳತೆಗಿಂತ ದೊಡ್ಡದು ಮಾಡಬೇಡ. ಒಂದು ಹೋಳಿಗೆ ಹರಿದರೆ ಹಬ್ಬವೇ ಕೆಡಲಿಲ್ಲ. ‘ಪ್ರಾಸ್ಪೆಕ್ಟಿವ್’ ಜೋಡಿ ಕಲಸಬೇಡಿರಿ. ಅದು ಮುಂದೆ ಆಗಬಹುದಾದವರಿಗೆ, ಅಂದರೆ ನೋಡಿಟ್ಟ ವರನಿಗೆ, ಹೇಳುವ ಮಾತು!

ಇನ್ನು ಮುಖ್ಯ ಮಾತು. ಈ ಶಬ್ದ ಮಾತು ಮುಗಿಸಲಿಕ್ಕಲ್ಲ, ಸುರು ಮಾಡಲಿಕ್ಕೆ. ಮಗಳು ನೌಕರಿಗೆ ಬೆಂಗಳೂರಿಗೆ ಹೋಗತೇನಿ ಅಂತಾಳೆ. ಆಕೆಗೆ ಕಾಣುವುದು ತನ್ನ ಕಾಲ ಮೇಲೆ ನಿಲ್ಲುವ ದಾರಿ. ತಾಯಿಗೆ ರಾತ್ರಿ ಬಸ್ಸು, ಗುರುತಿಲ್ಲದ ಓಣಿ. ಅಜ್ಜಿಗೆ ಮಂದಿಯ ಬಾಯಿ. ಮೂವರದೂ ಸುಳ್ಳಲ್ಲ. ಆದರೆ ಮೂರಕ್ಕೂ ಒಂದೇ ತೂಕವಿಲ್ಲ, ಬಾಳಬೇಕಾದವಳು ಮಗಳು. “ನೀ ನಿಂತಲ್ಲಿಂದ ಏನು ಕಾಣತದ ಹೇಳವಾ” ಅಂತ ಮೊದಲು ಕೇಳಿರಿ. ಆಮೇಲೆ ನಿಮ್ಮ ಹೆದರಿಕೆ ಹೇಳಿರಿ. ಹಾಸ್ಟೆಲ್, ಸಂಬಳ, ಓಡಾಟ ಇಬ್ಬರೂ ಕೂಡಿ ವಿಚಾರಿಸಿರಿ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಹಾಗಂತ ಪ್ರತಿ ನೋಟವೂ ಸರಿ ಅಂತಲ್ಲ. ವರದಕ್ಷಿಣೆ ಕೇಳುವವರು “ಅದು ನಮ್ಮ ಪರ್‌ಸ್ಪೆಕ್ಟಿವ್” ಅಂದರೆ ತಲೆದೂಗಬೇಡಿರಿ. ೧೯೬೧ರ ಕಾಯಿದೆ ಪ್ರಕಾರ ಅದು ಅಪರಾಧ. ಎಲ್ಲಿ ನಿಂತು ನೋಡಿದರೂ ಅಪರಾಧವೇ.

ನಿಮ್ಮ ಮನೆಯಲ್ಲಿ ತೊಡಕಾದ ಶಬ್ದವಿದ್ದರೆ ಬರೆದು ಕಳಿಸಿರಿ. ಮುಂದಿನ ಬುತ್ತಿಯಲ್ಲಿ ಬಿಚ್ಚೋಣ.