ಮೂರು ವರ್ಷದ ಮಗುವಿಗೆ ಎಂಥ ಪರೀಕ್ಷೆ?

ಎಲ್‌ಕೆಜಿ ಸೀಟಿನ ಕಾಲ ಬಂತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ನಿದ್ದೆ ಇರುವುದಿಲ್ಲ. ಚಪ್ಪಲಿ ಸರಿಯಾಗಿ ಹಾಕಲು ಬಾರದ ಮಗುವಿಗೆ ಎಬಿಸಿಡಿ, ಬಣ್ಣದ ಹೆಸರು, ‘ಮೈ ನೇಮ್ ಈಸ್’ ಎಲ್ಲ ಬಾಯಿಪಾಠ. ಗಲ್ಫ್‌ನಲ್ಲಿರುವ ತಂದೆ ರಜೆ ಹೊಂದಿಸಿಕೊಂಡು ಬರಬೇಕು. ಯಾಕೆಂದರೆ ಇಂಟರ್‌ವ್ಯೂ ಮಗುವಿಗೆ ಮಾತ್ರ ಅಲ್ಲ, ತಂದೆ ತಾಯಿಗೂ ಇದೆ.

ಅಲ್ಲಿ ಅಳೆಯುವುದಾದರೂ ಏನನ್ನು? ಮೀನಿನ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ‘ಇದೇನು’ ಅಂತ ಕೇಳಿದರೆ ನಮ್ಮ ಮಗು ‘ಬಂಗುಡೆ’ ಅನ್ನಬಹುದು. ಬಂಗುಡೆ ಯಾವುದು, ಬೂತಾಯಿ ಯಾವುದು ಅಂತ ಗೊತ್ತಿರುವ ಮಗು ಅದು. ಆದರೆ ‘ಫಿಶ್’ ಅನ್ನಲಿಲ್ಲ, ಮಾರ್ಕು ಹೋಯಿತು. ಮನೆಯಲ್ಲಿ ಬ್ಯಾರಿ, ನೆರೆಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ ಕೇಳಿ ಬೆಳೆದ ಮಗು ಇಲ್ಲಿ ಹಿಂದೆ ಬೀಳುತ್ತದೆ. ಅಂದರೆ ಪರೀಕ್ಷೆ ನಡೆಯುವುದು ಮಗುವಿನ ಬುದ್ಧಿಗಲ್ಲ, ಉಮ್ಮನ ಇಂಗ್ಲಿಷಿಗೆ, ತಂದೆಯ ಸಂಬಳಕ್ಕೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಇಂಥದ್ದನ್ನು ನಿಷೇಧಿಸಿದೆ. ಮಗುವನ್ನಾಗಲೀ ಹೆತ್ತವರನ್ನಾಗಲೀ ಪರೀಕ್ಷಿಸಿ ಆರಿಸಿದರೆ ಮೊದಲ ಸಲ 25 ಸಾವಿರ ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೆ 50 ಸಾವಿರದವರೆಗೆ ದಂಡ. ಆದರೆ ಆ ಕಾಯ್ದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದವರು. ನರ್ಸರಿಯ ಸಾಮಾನ್ಯ ಸೀಟುಗಳಿಗೆ ಇದು ಅನ್ವಯಿಸುವುದಿಲ್ಲವೆಂದು 2013ರಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಇಡೀ ಕಾಯ್ದೆಯಿಂದಲೇ ಹೊರಗಿಟ್ಟಿತು.

ಈ ಎರಡನೇ ತೀರ್ಪನ್ನು ನಾವು ಸುಮ್ಮನೆ ಓದಿ ಬಿಡುವಂತಿಲ್ಲ. ನಮ್ಮವರೇ ನಡೆಸುವ ಎಷ್ಟೋ ಶಾಲೆಗಳು ಅಲ್ಪಸಂಖ್ಯಾತ ಸಂಸ್ಥೆಗಳು. ಸಂವಿಧಾನದ 30ನೇ ವಿಧಿ ನಮಗೆ ಶಾಲೆ ಕಟ್ಟುವ ಹಕ್ಕು ಕೊಟ್ಟದ್ದು ನಮ್ಮ ಮಕ್ಕಳು ಹೊರಗುಳಿಯಬಾರದೆಂದು. ಅದೇ ಹಕ್ಕಿನ ನೆರಳಿನಲ್ಲಿ ಕುಳಿತು ಮೀನು ಮಾರುವವರ, ರಿಕ್ಷಾ ಓಡಿಸುವವರ ಮಗುವನ್ನು ಗೇಟಿನಿಂದ ವಾಪಸ್ ಕಳಿಸಿದರೆ ಯಾರಿಗೆ ಉತ್ತರ ಕೊಡುವುದು?

‘ಸೀಟು ಕಡಿಮೆ, ಅರ್ಜಿ ಜಾಸ್ತಿ, ಏನು ಮಾಡುವುದು’ ಅಂತ ಆಡಳಿತ ಮಂಡಳಿಯವರು ಕೇಳುತ್ತಾರೆ. ಕಷ್ಟ ನಿಜವೇ. ಆದರೆ ದಾರಿಯೂ ಇದೆ. ಹತ್ತಿರದ ಮನೆಯವರಿಗೆ, ಅಲ್ಲೇ ಕಲಿಯುವ ಮಕ್ಕಳ ತಮ್ಮ ತಂಗಿಯರಿಗೆ ಎಷ್ಟು ಸೀಟು ಅಂತ ಮೊದಲೇ ಬೋರ್ಡಿನಲ್ಲಿ ಹಾಕಿ. ಉಳಿದದ್ದಕ್ಕೆ ಹೆತ್ತವರ ಎದುರೇ ಚೀಟಿ ಎತ್ತಿ. ಮಗುವನ್ನು ಅರಿಯಬೇಕೇ? ಸೇರಿಸಿಕೊಂಡ ಮೇಲೆ ಮಾತಾಡಿಸಿ. ಈ ವಯಸ್ಸಿನವರಿಗೆ ಪರೀಕ್ಷೆ ಸಲ್ಲದು ಎಂದು 2022ರ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಹೇಳಿದೆ.

ಹೆತ್ತವರಾದ ನಮ್ಮದೂ ತಪ್ಪಿದೆ. ‘ಆ ಶಾಲೆಯಲ್ಲಿ ಸೀಟು ಸಿಗುವುದೇ ಕಷ್ಟ’ ಅನ್ನುವುದನ್ನೇ ಶಾಲೆಯ ಗುಣ ಅಂದುಕೊಂಡೆವು. ದೊಡ್ಡ ಗೇಟು ಹಾಕುವುದು ಕಷ್ಟವಲ್ಲ. ಬಂಗುಡೆ ಅಂದ ಮಗುವಿಗೆ ಫಿಶ್ ಅನ್ನುವುದನ್ನೂ ಕಲಿಸುವುದೇ ಅಲ್ಲವೇ ಶಾಲೆಯ ಕೆಲಸ?

ಕಾನೂನು ನಮ್ಮನ್ನು ಬಿಟ್ಟಿದೆ. ಹಾಗಂತ ನಾವು ನಮ್ಮ ಮಕ್ಕಳನ್ನು ಬಿಡಬೇಕೇ? ಈ ಸಲದ ಅರ್ಜಿ ಫಾರಂ ಅಚ್ಚಾಗುವ ಮೊದಲೇ ನಮ್ಮ ಶಾಲೆಗಳು ಇದನ್ನು ತೀರ್ಮಾನಿಸಲಿ.